ಸಂತಾನವಿಲ್ಲ ಎಂದು ಬರೆದೆ

ನಮ್ಮ ವಂಶಾವಳಿಯ ಪುಸ್ತಿಕೆಯ ಹನ್ನೊಂದನೆಯ ಪುಟದಲ್ಲಿ ಅತ್ತಿಯ, ಎಂದರೆ ಅಪ್ಪನ ತಂಗಿಯ, ಹೆಸರಿನ ಕೆಳಗೆ ಎರಡು ಮಾತು ಇದ್ದವು: ‘ಅವಳಿಗಳಲ್ಲಿ ಉಳಿದವಳು. ಸಂತಾನವಿಲ್ಲ.’ ಮೊದಲನೆಯದು ಸುಳ್ಳು. ಎರಡನೆಯದನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ಸರಿಯಾದ ಶಬ್ದ ಸಿಕ್ಕಿಲ್ಲ. ಎರಡನ್ನೂ ಬರೆದವನು ನಾನು. ಮನೆತನದ ಸಮ್ಮೇಳನಕ್ಕೆಂದು ಊರ ಗುಡಿಯ ಮುಂದೆ ಪೆಂಡಾಲು ಹಾಕಿಸಿ, ಇನ್ನೂರು ಪ್ರತಿ ಹಂಚಿ, ಮೈಕಿನಲ್ಲಿ ಪುಟ ಪುಟವೂ ಓದಿದವನೂ ನಾನೇ. ಅತ್ತಿ ಮುಂದಿನ ಸಾಲಿನಲ್ಲಿ, ಸೆರಗು ಹೊದ್ದು ಕೂತಿದ್ದಳು. ನಾನು ಹನ್ನೊಂದನೆಯ ಪುಟ ಓದಿ ಹನ್ನೆರಡಕ್ಕೆ ಬರುವಷ್ಟರಲ್ಲಿ ಆ ಕುರ್ಚಿ ಖಾಲಿಯಾಗಿತ್ತು. ವಯಸ್ಸಾದವರು, ಬಚ್ಚಲಿಗೆ ಹೋಗಿರಬೇಕು ಅಂದುಕೊಂಡೆ.

ಇದು 2018ರ ಡಿಸೆಂಬರಿನ ಮಾತು. ಅದರ ಹಿಂದಿನ ವರ್ಷ ಮೇ 31ಕ್ಕೆ ನಾನು ಬ್ಯಾಂಕಿನಿಂದ ನಿವೃತ್ತನಾಗಿದ್ದೆ. ಶಾಲೆಯ ದಾಖಲೆಯಲ್ಲಿ ನನ್ನ ಹುಟ್ಟಿದ ದಿನ 1957ರ ಜೂನ್ 1. ಅವ್ವ ಹೇಳುವ ಪ್ರಕಾರ ನಾನು ಹುಟ್ಟಿದ್ದು ಹೋಳಿ ಹುಣ್ಣಿಮೆಯ ಆಜುಬಾಜು. ನಮ್ಮ ಕಡೆ ಮಾಸ್ತರರು ಮಕ್ಕಳನ್ನು ಒಂದನೇ ಇಯತ್ತೆಗೆ ಹಚ್ಚಿಕೊಳ್ಳುವಾಗ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಆ ದಾಖಲೆ ನಂಬಿದರೆ ನನ್ನ ತರಗತಿಯ ಅರ್ಧ ಹುಡುಗರು ಒಬ್ಬರಿಗೊಬ್ಬರು ಅವಳಿಗಳು. ಈ ಚೇಷ್ಟೆಯನ್ನು ಎಷ್ಟೋ ಸಲ ಮಾಡಿದವನೇ ನಾನು, ಆದರೂ ಮುಂದೆ ಅಂಥದ್ದೇ ಒಂದು ಬಲೆಗೆ ಬಿದ್ದೆ.

ಮೂವತ್ತಾರು ವರ್ಷ ಲೆಕ್ಕ ತಾಳೆ ನೋಡಿದವನಿಗೆ ಮನೆಯಲ್ಲಿ ಸುಮ್ಮನೆ ಕೂರಲು ಬರುವುದಿಲ್ಲ. ವಂಶಾವಳಿ ಬರೆಯುತ್ತೇನೆ ಎಂದು ಹೊರಟೆ. ಇಂಗ್ಲೆಂಡಿನಲ್ಲಿರುವ ಮಗಳು ಒಂದು ಕೈಪಿಡಿ ಕಳಿಸಿದಳು, ಮನೆತನದ ಇತಿಹಾಸ ಹುಡುಕುವುದು ಹೇಗೆಂದು ಕಲಿಸುವಂಥದ್ದು. ಪೆನ್ಸಿಲು ಹಿಡಿದು ಓದಿದೆ. ಆ ದೇಶದಲ್ಲಿ 1837ರ ಜುಲೈ 1ರಿಂದ ಹುಟ್ಟು-ಸಾವು ಸರ್ಕಾರಿ ವಹಿಯಲ್ಲಿ ದಾಖಲಾಗುತ್ತ ಬಂದಿವೆ. ಜನನ ಪತ್ರದಲ್ಲಿ ತಾಯಿಯ ತವರಿನ ಅಡ್ಡಹೆಸರು ಇರುತ್ತದೆ. ಹುಟ್ಟಿದ ತಾರೀಖಿನ ಜೊತೆ ಗಂಟೆ-ನಿಮಿಷವನ್ನೂ ಬರೆದಿದ್ದರೆ ಅದು ಬಹುತೇಕ ಅವಳಿಯ ಗುರುತು, ಯಾರು ಮೊದಲು ಯಾರು ನಂತರ ಎಂದು ತಿಳಿಯಲಿಕ್ಕೆ. ಒಂದೇ ತಾರೀಖು, ಒಂದೇ ತಂದೆ-ತಾಯಿ, ಎರಡು ಸಾಲು ಕಂಡರೆ ಅವಳಿ. ಒಂದರ ಮುಂದಿನ ಜಾಡು ಸಿಗದಿದ್ದರೆ ಸಾವಿನ ವಹಿ ನೋಡು. ಎಷ್ಟು ಚೊಕ್ಕಟವಾದ ಸೂತ್ರ! ಒಂದೇ ತಂದೆ ಎಂಬಲ್ಲಿ ಕೆಳಗೆರೆ ಎಳೆದಿದ್ದೆ. ತಾಯಿ ಎಂಬ ಶಬ್ದದ ಕೆಳಗೆ ಎಳೆದಿರಲಿಲ್ಲ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ, ಆ ಗೆರೆಯೂ ಇದೆ.

ನಮ್ಮೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಪಾಟೀಲ-ಕುಲಕರ್ಣಿಗಳ ಕಾಲದ ಜನನದ ವಹಿಗಳಲ್ಲಿ ಉಳಿದಷ್ಟು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಬಟ್ಟೆಯ ಗಂಟಿನಲ್ಲಿದ್ದವು. ಧೂಳಿಗೆ ಮೂಗು ಕಟ್ಟಿಕೊಂಡು ನಾಲ್ಕು ತಿಂಗಳು ಓಡಾಡಿದೆ. ಆ ವಹಿಗಳಲ್ಲಿ ಮಗುವಿನ ಹೆಸರು ಇರುವುದಿಲ್ಲ. ತಂದೆಯ ಹೆಸರು, ಜಾತಿ, ಗಂಡೋ ಹೆಣ್ಣೋ, ಊರು. ಇಷ್ಟೇ. ತಾಯಿ ಎಂಬ ಕಲಮೇ ಇಲ್ಲ. ಹೆತ್ತವಳನ್ನು ಬಿಟ್ಟು ಹೆರಿಗೆಯನ್ನು ದಾಖಲಿಸುವ ಚಮತ್ಕಾರ ಅದು. 1939ರ ವಹಿಯ ಒಂದು ಪುಟದಲ್ಲಿ ನನ್ನ ಅಜ್ಜನ ಹೆಸರು, ನಮ್ಮ ಅಡ್ಡಹೆಸರು, ಹೆಣ್ಣು. ಎರಡು ಸಾಲು ಬಿಟ್ಟು ಮತ್ತೆ ಅದೇ ಹೆಸರು, ಅದೇ ಅಡ್ಡಹೆಸರು, ಅದೇ ತಾರೀಖು, ಹೆಣ್ಣು.

ಕೈ ನಡುಗಿತು. ಅತ್ತಿ ಹುಟ್ಟಿದ್ದು ಅದೇ ವರ್ಷ. ಅತ್ತಿಯ ಹೆಸರು ಗಂಗೆಯದು. ಗಂಗೆ ಇದ್ದಲ್ಲಿ ಗೌರಿ ಇರಬೇಕಲ್ಲ! ನಮ್ಮಲ್ಲಿ ಜವಳಿ ಹೆಣ್ಣುಮಕ್ಕಳಿಗೆ ಗಂಗವ್ವ-ಗೌರವ್ವ, ಗಂಡುಮಕ್ಕಳಿಗೆ ರಾಮ-ಲಕ್ಷ್ಮಣ ಎಂದೋ ಲವ-ಕುಶ ಎಂದೋ ಹೆಸರಿಡುವುದು ಉಂಟು. ವಹಿಯೂ ಹೆಸರೂ ತಾಳೆಯಾದವು. ಗೌರಿ ಹುಟ್ಟಿದಾಗಲೇ ಹೋಗಿರಬೇಕು, ಅದಕ್ಕೇ ಯಾರೂ ಮಾತಾಡಿಲ್ಲ. ಆ ರಾತ್ರಿ ಮಗಳಿಗೆ ಫೋನು ಮಾಡಿ, ‘ನಿನ್ನ ಪುಸ್ತಕ ಕೆಲಸ ಮಾಡ್ತು’ ಎಂದು ಹೇಳಿದ್ದು ನೆನಪಿದೆ. ಅತ್ತಿ ಪಡಸಾಲೆಯಲ್ಲೇ ಜೋಳ ಹಸನು ಮಾಡುತ್ತ ಕೂತಿದ್ದಳು. ಕೇಳಲಿಲ್ಲ. ಹಳೆಯ ದುಃಖ ಕೆದಕಬಾರದು ಎಂಬ ಮರ್ಯಾದೆಯ ಮಾತನ್ನು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಕಾಗದ ಸಿಕ್ಕ ಮೇಲೆ ಓದು ಬಾರದ ಮುದುಕಿಯನ್ನು ಕೇಳುವುದೇನು ಎಂಬ ಸೊಕ್ಕು.

ಇನ್ನು ಎರಡನೆಯ ಮಾತು. ಅತ್ತಿಯ ಗಂಡನ ಊರಿನ ವಹಿಗಳನ್ನೂ ಬಿಡದೆ ನೋಡಿದ್ದೆ. ಅವಳನ್ನು ಕೊಟ್ಟ ವರ್ಷದಿಂದ, ಮಾವ ಇನ್ನೊಂದು ಮದುವೆ ಮಾಡಿಕೊಂಡು ಅತ್ತಿ ನಮ್ಮ ಮನೆಗೆ ಬಂದು ನಿಂತ ವರ್ಷದವರೆಗೆ ಒಂದೊಂದು ಪುಟವನ್ನೂ. ಮಾವನ ಹೆಸರಿನಲ್ಲಿ ಒಂದು ಹುಟ್ಟೂ ಇಲ್ಲ. ಸಂತಾನವಿಲ್ಲ ಎಂದು ಬರೆದೆ. ಪುರಾವೆ ಇಟ್ಟುಕೊಂಡೇ ಬರೆದೆ.

ಸಮ್ಮೇಳನದ ದಿನ ಸಂಜೆ ಬೀಗರು-ಬಿಜ್ಜರೆಲ್ಲ ಬಸ್ಸು ಹತ್ತಿದ ಮೇಲೆ ಒಳಗೆ ಹೋದೆ. ಅತ್ತಿ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

“ತಮ್ಮಾ,” ಅಂದಳು. “ನಾ ಬಂಜಿ ಅಲ್ಲೋ.”

ನನಗೆ ತಿಳಿಯಲಿಲ್ಲ.

“ನೀ ಕುಡದಿದ್ದು ಯಾರ ಹಾಲಂತ ತಿಳಕೊಂಡೀ?”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ನನ್ನನ್ನು ಚಿಕ್ಕಂದಿನಿಂದ ‘ಎರಡೆದಿ ಹಾಲು ಕುಡದಾಂವ’ ಎಂದು ಚೇಷ್ಟೆ ಮಾಡುತ್ತಿದ್ದರು. ದಪ್ಪಗಿದ್ದೆ, ಅದಕ್ಕೆ. ನಾನು ಹುಟ್ಟಿದ ವರ್ಷ ಅವ್ವನಿಗೆ ಜ್ವರ ಬಂದು ಹಾಲು ಬತ್ತಿತ್ತು, ಅತ್ತಿ ಕುಡಿಸಿ ಉಳಿಸಿದಳು ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಮದುವೆಯಲ್ಲಿ ಆರತಿ ಮಾಡುವಾಗಲೂ ಯಾರೋ ಹೇಳಿದರು. ಅರವತ್ತು ವರ್ಷ ಆ ಮಾತಿಗೆ ನಕ್ಕಿದ್ದೇನೆ. ಮಕ್ಕಳಿಲ್ಲದ ಅತ್ತಿಯ ಎದೆಯಲ್ಲಿ ಹಾಲು ಎಲ್ಲಿಂದ ಬಂತು ಎಂದು ಒಂದು ದಿನ, ಒಂದೇ ಒಂದು ದಿನ ಕೇಳಿಕೊಳ್ಳಲಿಲ್ಲ. ಬ್ಯಾಂಕಿನಲ್ಲಿ ಹತ್ತು ಪೈಸೆ ಹೆಚ್ಚಿಗೆ ಬಂದರೆ ರಾತ್ರಿ ಒಂಬತ್ತರವರೆಗೆ ಕೂತು ಹುಡುಕುತ್ತಿದ್ದವನು ನಾನು.

ಮಗು ಗಂಡು. ದಿನ ತುಂಬಿತ್ತು. ಚೊಚ್ಚಲು ಹೆರಿಗೆಗೆಂದು ತವರಿಗೆ ಕರೆತಂದಿದ್ದರು. ಎರಡು ದಿನ ಬ್ಯಾನಿ ತಿಂದಳಂತೆ. ಸೂಲಗಿತ್ತಿ ಕೂಸನ್ನು ತಲೆಕೆಳಗು ಹಿಡಿದು ಬೆನ್ನು ತಟ್ಟಿದಳು, ಈರುಳ್ಳಿ ಒಡೆದು ಮೂಗಿಗೆ ಹಿಡಿದಳು, ಅಳಲಿಲ್ಲ. “ಕೂದಲಾ ಭಾಳ ಇದ್ವು,” ಅಂದಳು ಅತ್ತಿ. ಅಷ್ಟನ್ನು ಸೂಲಗಿತ್ತಿ ತೋರಿಸಿದ್ದಳಂತೆ, ಮುಖವನ್ನು ಪೂರಾ ತೋರಿಸಿರಲಿಲ್ಲ. ನನ್ನ ಅಜ್ಜ ಹಿತ್ತಲಿನ ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದ. ನಾನು ಎಸ್ಸೆಸ್ಸೆಲ್ಸಿ ಓದುವಾಗ ಹೊರಸು ಹಾಕಿಕೊಂಡು ಮಲಗುತ್ತಿದ್ದದ್ದು ಅದೇ ಗಿಡದ ನೆರಳಲ್ಲಿ.

“ಮತ್ತ ನಾ ಜವಳಿನೂ ಅಲ್ಲ,” ಎಂದು ಕೊನೆಗೆ ಅಂದಳು. ಅದನ್ನು ಹೇಳುವಾಗ ಸಿಟ್ಟು ಇತ್ತು, ಮಗುವಿನ ಸುದ್ದಿ ಹೇಳುವಾಗ ಇರಲಿಲ್ಲ. “ಆ ಹೆಣ್ಣು ನಮ್ಮ ಕಾಕಾನ ಮಗಳು. ನನಗಿಂತ ಮೂರು ದಿನಕ್ಕ ದೊಡ್ಡಾಕಿ. ನಿನ್ನ ಲಗ್ನಕ್ಕ ಹೋಳಿಗಿ ಮಾಡಾಕ ಬಂದಿದ್ಲಲ್ಲೋ, ಆಕಿ!”

ಮರುವಾರ ಮತ್ತೆ ತಾಲೂಕು ಕಚೇರಿಗೆ ಹೋದೆ. ಅದೇ ಗಂಟು, ಅದೇ ವಹಿ. ಈ ಸಲ ಸಾಲು ನೋಡದೆ ಪುಟ ನೋಡಿದೆ. ಹದಿನೇಳು ಹುಟ್ಟು ಇದ್ದ ಆ ಪುಟದಲ್ಲಿ ತಾರೀಖುಗಳು ಮೂರೇ. ಒಂದು ಊರಿನ ಗರ್ಭಿಣಿಯರೆಲ್ಲ ಮಾತಾಡಿಕೊಂಡು ಮೂರೇ ದಿನ ಹಡೆಯುತ್ತಾರೆಯೇ? ನಾನು ಹುಟ್ಟಿದ ದಿನ ಎಂದು ಓದಿಕೊಂಡ ಕಲಮು ಪಾಟೀಲರಿಗೆ ವರದಿ ಬಂದ ದಿನ. ಬಿಡುವಾದಾಗ, ತಳವಾರ ಬಂದು ಹೇಳಿದಾಗ, ಒಟ್ಟಿಗೆ ಬರೆದಿದ್ದಾರೆ. ಇನ್ನು ಹೆಸರು: ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆ ಇಡುತ್ತಾರೆ. ಅಣ್ಣನ ಮಗನಿಗೂ ಇಟ್ಟರು, ತಮ್ಮನ ಮಗನಿಗೂ ಇಟ್ಟರು. ಒಂದೇ ಓಣಿಯಲ್ಲಿ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ ಇಬ್ಬರು. ಬೇರೆ ಮಾಡಬೇಕಾದದ್ದು ನಡುವಿನ ತಂದೆಯ ಹೆಸರು, ಬರೆದವರು ಅದನ್ನೇ ಬಿಟ್ಟಿದ್ದಾರೆ. ಬಿಟ್ಟದ್ದು ಅವರ ಅವಸರ. ಬಿಟ್ಟಿದೆ ಎಂಬುದನ್ನೂ ಗಮನಿಸದೆ ತೀರ್ಪು ಕೊಟ್ಟದ್ದು ನಾನು.

1957ರ ವಹಿಯನ್ನೂ ತೆಗೆಸಿದೆ. ಚೊಚ್ಚಲು ಹೆರಿಗೆ ತವರಲ್ಲಿ ಆಗುತ್ತದೆ, ಆದ್ದರಿಂದ ಮೊದಲ ಮಗುವನ್ನು ಅಪ್ಪನ ಊರಿನ ವಹಿಯಲ್ಲಿ ಹುಡುಕಬಾರದು, ತಾಯಿಯ ತವರೂರಿನ ವಹಿಯಲ್ಲಿ ಪರಊರಿನ ಅಳಿಯಂದಿರ ಹೆಸರು ಹುಡುಕಬೇಕು. ಕನ್ನಡನಾಡಿನಲ್ಲಿ ಹುಟ್ಟಿ ಬೆಳೆದ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಿಲ್ಲ, ನನಗೆ ಇಂಗ್ಲೆಂಡಿನ ಕೈಪಿಡಿ ಹೇಳಿಕೊಟ್ಟಿರಲಿಲ್ಲ ಅಷ್ಟೇ. ಆಷಾಢದಿಂದ ಭಾದ್ರಪದದವರೆಗೆ ಬೆರಳಿಟ್ಟು ನೋಡಿದೆ. ಮಾವನ ಹೆಸರು ಅಲ್ಲೂ ಇಲ್ಲ. ಮನೆಗೆ ಬಂದು ಹೇಳಿದರೆ ಅತ್ತಿ ಆಶ್ಚರ್ಯಪಡಲಿಲ್ಲ. “ಅಳದ ಕೂಸಿನ್ನ ಚಾವಡಿಗೆ ಹೋಗಿ ಯಾರು ಬರಸ್ತಾರೋ?”

ಈಗ ಬರೆಸಬೇಕೆಂದು ಕಾನೂನಿದೆ. 1969ರ ಜನನ ಮರಣ ನೋಂದಣಿ ಕಾಯ್ದೆ ನಮ್ಮ ರಾಜ್ಯದಲ್ಲಿ 1970ರ ಏಪ್ರಿಲ್ 1ರಿಂದ ಜಾರಿಗೆ ಬಂತು. 28 ವಾರ ತುಂಬಿದ ಮೇಲೆ ಜೀವವಿಲ್ಲದೆ ಹುಟ್ಟಿದ ಮಗುವಿಗೆ ‘ನಿರ್ಜೀವ ಜನನ’ ಎಂಬ ಬೇರೆಯೇ ನಮೂನೆ ಇದೆ, ಅದರಲ್ಲಿ ಮಗುವಿನ ಹೆಸರಿಗೆ ಜಾಗ ಇಲ್ಲ. ಅವಳಿ ಹುಟ್ಟಿದರೆ ಒಂದೊಂದಕ್ಕೂ ಬೇರೆ ಬೇರೆ ನಮೂನೆ ತುಂಬಿ, ಷರಾದಲ್ಲಿ ‘ಅವಳಿ ಜನನ’ ಎಂದು ಕಾಣಿಸಬೇಕು. ಕಾಯ್ದೆಯ ವ್ಯಾಖ್ಯೆಗಳನ್ನು ಓದುವಾಗ ಒಂದು ಕಡೆ ನಿಂತುಬಿಟ್ಟೆ. ಜನನ ಎಂದರೆ ಸಜೀವ ಜನನ ಅಥವಾ ನಿರ್ಜೀವ ಜನನ. ಮರಣ ಎಂದರೆ ಸಜೀವವಾಗಿ ಹುಟ್ಟಿದ ಮೇಲೆ ಜೀವದ ಕುರುಹು ಪೂರ್ತಿ ಹೋಗುವುದು. ಅಂದರೆ ಕಾಯ್ದೆಯ ಕಣ್ಣಲ್ಲಿ ಇಂಥ ಮಗು ಹುಟ್ಟಿದೆ, ಸತ್ತಿಲ್ಲ. ಸಾವಿನ ವಹಿಯಲ್ಲಿ ಅದು ಸಿಗುವುದಿಲ್ಲ. ಕೈಪಿಡಿಯವರ ದೇಶದಲ್ಲೂ ಇದಕ್ಕಾಗಿ ಪ್ರತ್ಯೇಕ ದಾಖಲಾತಿ ಶುರುವಾದದ್ದು 1927ರ ಜುಲೈಯಿಂದ. ಅದಕ್ಕೂ ಹಿಂದಿನ ತೊಂಬತ್ತು ವರ್ಷ ಅಲ್ಲಿನ ತಾಯಂದಿರೂ ನಮ್ಮತ್ತಿಯ ಹಾಗೆಯೇ.

ಹಾಗಾದರೆ ಹಿಂದಿನವರ ಈ ಕೂಸುಗಳು ಎಲ್ಲೂ ಇಲ್ಲವೇ? ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಬರುವ ಹೆಳವರನ್ನು ಕೇಳಿದೆ. ಅವರ ಹಿರಿಯರು ಎತ್ತಿನ ಮೇಲೆ ಬರುತ್ತಿದ್ದರು, ಈಗಿನವರು ಮೋಟಾರ್ ಸೈಕಲ್ಲಿನಲ್ಲಿ ಬರುತ್ತಾರೆ, ಆದರೆ ಪುಸ್ತಕ ಬಿಚ್ಚಿ ಏಳು ತಲೆಯ ಹೆಸರು ಹೇಳುವಾಗ ದನಿ ಅದೇ. ಗಂಡುಮಕ್ಕಳ ಸಾಲು ನೀರಿನಂತೆ ಹರಿಯಿತು. ನಾನು ಕೇಳಿದ್ದಕ್ಕೆ ಆತ ಪುಸ್ತಕ ಮುಚ್ಚಿ, “ಹೆಸರಿಡದ ಕೂಸಿಗೆ ಸಾಲು ಹಾಕೂದಿಲ್ರಿ ಯಜಮಾನ್ರ” ಅಂದ. ಜನಗಣತಿಯ ಮನೆಮನೆಯ ಹಾಳೆಗಳು ನಮ್ಮಂಥವರಿಗೆ ಸಿಗುವುದಿಲ್ಲ, ಗುಪ್ತವೆಂದು ಕಾನೂನೇ ಹೇಳುತ್ತದೆ.

ಆದರೆ ಬೇರೊಂದು ವಹಿ ನನ್ನ ಕಣ್ಣ ಮುಂದೆಯೇ ಇತ್ತು. ನನ್ನ ಅಪ್ಪನದು ತಿಪ್ಪೆಯಿಂದ ಎತ್ತಿಕೊಂಡ ಹೆಸರು. ಮೂಗಿನಲ್ಲಿ ಒಂದು ತೂತು, ಮುಚ್ಚಿ ಚುಕ್ಕೆಯಂತಾದದ್ದು, ಅವನು ಹೋಗುವವರೆಗೂ ಇತ್ತು. ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಳ್ಳುತ್ತಿದ್ದರು. ತಿಪ್ಪಣ್ಣ, ತಿಪ್ಪವ್ವ, ಕಸಪ್ಪ, ಗುಂಡಪ್ಪ, ಅಡಿವೆಪ್ಪ, ಹುಚ್ಚಪ್ಪ: ಯಮನಿಗೆ ಹೇಸಿಗೆ ಬರಲಿ, ದೃಷ್ಟಿ ತಾಗದಿರಲಿ ಎಂದು ಇಟ್ಟ ಹೆಸರುಗಳು. ಗಂಡುಮಗುವಿಗೆ ಮೂಗು ಚುಚ್ಚಿಸುವುದೂ ಅದಕ್ಕೇ. ಅಪ್ಪನಿಗಿಂತ ಮೊದಲು ಹೋದ ಕೂಸುಗಳು ಅವನ ಹೆಸರಿನಲ್ಲೂ ಮೂಗಿನಲ್ಲೂ ದಾಖಲಾಗಿದ್ದವು. ಎಷ್ಟು ಎಂದು ಅತ್ತಿಗೆ ಗೊತ್ತಿತ್ತು: ಎರಡು. ಒಂದು ಸತ್ತೇ ಹುಟ್ಟಿತ್ತು, ಒಂದು ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಅವಳು ಹುಟ್ಟುವುದಕ್ಕಿಂತ ಹತ್ತು ವರ್ಷಕ್ಕೂ ಹಿಂದಿನದು, ಆದರೂ ಅಜ್ಜಿ ಅವಳಿಗೆ ಹೇಳಿದ್ದಳು. ಅಪ್ಪನಿಗೆ ಹೇಳಿದ್ದಳೋ ಇಲ್ಲವೋ.

ಹೆಸರನ್ನೇ ನಂಬಿ ಹೊರಟರೂ ಮುಗ್ಗರಿಸುತ್ತೇವೆ, ಇದನ್ನು ಗಂಗೆ-ಗೌರಿಯ ಪೆಟ್ಟು ತಿಂದವನಾಗಿ ಹೇಳುತ್ತಿದ್ದೇನೆ. ತಿಪ್ಪಣ್ಣನೆಂಬುದು ಅಜ್ಜನ ಹೆಸರೂ ಆಗಿರಬಹುದು, ಹರಕೆಯ ದೇವರ ಹೆಸರೂ ಆಗಿರಬಹುದು. ನಮ್ಮ ದಾಯಾದಿಗಳಲ್ಲಿ ರಾಮ-ಲಕ್ಷ್ಮಣರಿದ್ದಾರೆ, ಜಾತಕ ತೆಗೆದು ನೋಡಿದರೆ ನಡುವೆ ಎರಡು ವರ್ಷ. ಮಕ್ಕಳ ನಡುವೆ ನಾಲ್ಕೈದು ವರ್ಷದ ಅಂತರ ಕಂಡರೆ ಅಲ್ಲೊಂದು ಹೋಗಿರಬಹುದು ಎಂದು ಕೈಪಿಡಿ ಹೇಳುತ್ತದೆ. ನಮ್ಮ ಓಣಿಯಲ್ಲಿ ಅಂಥ ಅಂತರಗಳಿಗೆ ಸೊಲ್ಲಾಪುರದ ಮಿಲ್ಲೂ ಕಾರಣವಾಗಿತ್ತು, ಗಂಡಂದಿರು ಅಲ್ಲಿ ದುಡಿಯಲು ಹೋಗಿದ್ದರು.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಪತ್ರಿಕೆಗಳು ಬರೆದವು. ಅವರು ಓದು-ಬರಹ ಕಲಿತವರಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ನಾನು ಮೈಕು ಹಿಡಿದ ತಿಂಗಳಲ್ಲೇ, ಅವರು ತೀರಿಕೊಂಡರು. ಆ ಸುದ್ದಿ ಓದುವಾಗ ನನಗೆ ನೆನಪಾದದ್ದು ನಮ್ಮೂರಿನ ಸೂಲಗಿತ್ತಿ. ಅವಳು ಬದುಕಿದ್ದಾಗ ನಾನು ಊರಿಗೆ ಹೋದಾಗೆಲ್ಲ ಚಹಾಕ್ಕೆಂದು ಐದು ರೂಪಾಯಿ ಕೊಟ್ಟು, ಏನೂ ಕೇಳದೆ ಮುಂದೆ ಹೋಗುತ್ತಿದ್ದೆ.

ಪುಸ್ತಿಕೆಗೆ ತಿದ್ದುಪಡಿಯ ಚೀಟಿ ಅಚ್ಚು ಹಾಕಿಸೋಣವೇ ಎಂದು ಅತ್ತಿಯನ್ನು ಕೇಳಿದೆ. ಈ ಸಲ ಕೇಳಿದೆ. ಅವಳು ಹೂಂ ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತ, “ಹಾಕು. ಹೆಸರೇನೂ ಇಡಬ್ಯಾಡ” ಅಂದಳು.

ಚೀಟಿ ಹೋದ ಮೇಲೆ ಫೋನುಗಳು ಬರತೊಡಗಿದವು. ಗಂಡಸರದು ಒಂದೂ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ, ಮನೆಯಲ್ಲಿ ಯಾರೂ ಇಲ್ಲದ ವೇಳೆ ನೋಡಿ ಮಾಡುತ್ತಿದ್ದರು. ಮೊದಲು ಮಳೆ-ಬೆಳೆ, ಮೊಮ್ಮಕ್ಕಳ ಪರೀಕ್ಷೆ, ಆಮೇಲೆ ‘ನಂದೂ ಒಂದು ಇತ್ತಪಾ.’ ಒಬ್ಬ ಚಿಗವ್ವ ಹೇಳಿದ್ದು ಜವಳಿಯ ಸಂಗತಿ. ಎಪ್ಪತ್ತರ ದಶಕ, ಆಸ್ಪತ್ರೆಯ ಹೆರಿಗೆ. ಒಂದು ಅಳುತ್ತ ಬಂತು, ಇನ್ನೊಂದು ಅಳಲಿಲ್ಲ. ಅತ್ತದ್ದಕ್ಕೆ ಪತ್ರ ಬಂತು. ಅಳದದ್ದಕ್ಕೆ ಏನು ಬರೆದರೋ ಆಕೆಗೆ ಗೊತ್ತಿಲ್ಲ, ಗಂಡನೂ ಈಗಿಲ್ಲ. ಅತ್ತವನು ನನಗೆ ತಮ್ಮನಾಗಬೇಕು, ಆಗಾಗ ವಾಟ್ಸ್‌ಆ್ಯಪಿನಲ್ಲಿ ಶುಭೋದಯ ಕಳಿಸುತ್ತಾನೆ. “ಅವಂಗ ಗೊತ್ತಿಲ್ಲ, ಹೇಳಬ್ಯಾಡ” ಎಂದಳು ಚಿಗವ್ವ. ಆ ವಹಿ 1970ರ ನಂತರದ್ದು. ಷರಾದಲ್ಲಿ ಅವಳಿ ಎಂದು ಇದೆಯೋ ಇಲ್ಲವೋ, ಅರ್ಧ ದಿನದ ಕೆಲಸ, ತೆಗೆಸಿ ನೋಡಬಹುದು. ನೋಡಿಲ್ಲ. ಮನೆತನದಲ್ಲಿ ನನಗೆ ಖಾತ್ರಿಯಾಗಿ ಗೊತ್ತಿರುವ ಅವಳಿ ಅದೊಂದೇ, ಅದು ನನ್ನ ಪುಸ್ತಿಕೆಯಲ್ಲಿಲ್ಲ. ಇಲ್ಲಿಯೂ ಊರು-ವರ್ಷ ಬಿಟ್ಟೇ ಬರೆದಿದ್ದೇನೆ.

ಚೀಟಿ ಪಡೆದವರಲ್ಲಿ ಕೆಲವರು, ಅದರಲ್ಲಿ ಪೆನ್ನಿನಲ್ಲಿ ತಿದ್ದಿದ್ದು ಯಾಕೆ ಎಂದು ಕೇಳಿದರು. ಅಚ್ಚಿನಿಂದ ಕಟ್ಟು ಬಂದ ಸಂಜೆ ಅತ್ತಿ ಓದಿ ಹೇಳು ಅಂದಿದ್ದಳು. ಓದಿದೆ: ‘ಪುಟ 11. ಅವಳಿ ಎಂಬುದು ತಪ್ಪು. ಸಂತಾನವಿಲ್ಲ ಎಂಬುದೂ ತಪ್ಪು. ಒಂದು ಗಂಡುಮಗು, 1957ರ ಶ್ರಾವಣ ಮಾಸ, ಸೋಮವಾರ, ತವರಿನಲ್ಲಿ, ಹುಟ್ಟುವಾಗ ಜೀವವಿರಲಿಲ್ಲ.’

“ಸ್ವಾಮಾರ ಅಲ್ಲ,” ಅಂದಳು. “ಐತವಾರ ರಾತ್ರಿ. ಮರುದಿನ ಶ್ರಾವಣ ಸ್ವಾಮಾರ, ದೇವರ ವಾರ ಅಂತ ಬೆಳಕ ಹರಿಯೂದ್ರೊಳಗ ಎಲ್ಲಾ ಮುಗಿಸಿದ್ರು. ತಿದ್ದು.”

ಇನ್ನೂರು ಚೀಟಿ. ಪಡಸಾಲೆಯಲ್ಲಿ ಕೂತು ಒಂದೊಂದರಲ್ಲೂ ‘ಸೋಮ’ ಹೊಡೆದು ಮೇಲೆ ‘ರವಿ’ ಎಂದು ಬರೆದೆ. ಅತ್ತಿ ಒಂದೊಂದನ್ನೇ ನನ್ನ ಕೈಯಿಂದ ತೆಗೆದುಕೊಂಡು, ಮಸಿ ಆರಲೆಂದು ಚಾಪೆಯ ಮೇಲೆ ಹರವುತ್ತಿದ್ದಳು.